ಮಾವನ ಸೊಟ್ಟ ಚಮಚ

ಮನೆಗೆ ಯಾರೋ ಬರುವವರಿದ್ದಾರೆ, ಶರಬತ್ತು ಮಾಡು ಎಂದು ಅಮ್ಮ ಹೇಳಿದ್ದರಿಂದ ಲಿಂಬೆ ಹಿಂಡುವ ಸಾಮಾನು ಹುಡುಕುತ್ತಿದ್ದೆ. ಸಿಕ್ಕಿದ್ದು ಕುತ್ತಿಗೆ ಸೊಟ್ಟಗಾದ ಒಂದು ಸ್ಟೀಲ್ ಚಮಚ. ಅದು ಯಾವ ಕೆಲಸಕ್ಕೂ ಬಾರದು, ಆದರೆ ಬಿಸಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಕೂತುಕೊಳ್ಳಿ, ಯಾಕೆಂದು ಹೇಳ್ತೇನೆ.

ಮಾವ, ಅಂದರೆ ಅಮ್ಮನ ಅಣ್ಣ, ಅಣು ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾಗಿ ಮಂಗಳೂರಿನ ಕಾಟಿಪಳ್ಳದಲ್ಲಿ ಮನೆ ಮಾಡಿದವರು. ಅಮ್ಮನದ್ದು ಮಣ್ಣಗುಡ್ಡದಲ್ಲಿ ಸಣ್ಣ ಐಸ್‌ಕ್ರೀಮ್ ಅಂಗಡಿ. ಅದರ ಮಾಡಿಗೆ ಅಮ್ಮ ಸೋಲಾರ್ ಹಾಕಿಸಿದ ದಿನದಿಂದ ಇಬ್ಬರಿಗೂ ಜಟಾಪಟಿ. ಆದಿತ್ಯವಾರ ಕೋರಿರೊಟ್ಟಿ ಊಟಕ್ಕೆ ಕೂತರೆ ಮಾವ ಶುರು.

"ನಿನ್ನ ಸೂರ್ಯ ಸಂಜೆಗೆ ಡ್ಯೂಟಿ ಮುಗಿಸಿ ಹೋಗ್ತಾನೆ ವಾರಿಜಾ. ಅಣುವಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಬಿಸಿಲನ್ನು ಕೂಡಿಡಲಿಕ್ಕೆ ನಿನ್ನ ಹತ್ತಿರ ಎಂತ ಉಂಟು?"

"ಬೆಂಗ್ರೆಯ ಮೀನಿನ ಬೋಟಿನವರು ಐಸ್ ತುಂಬಿಸಿಕೊಂಡು ಕಡಲಿಗೆ ಹೋಗ್ತಾರಲ್ಲ ಅಣ್ಣ, ಹಿಂದೆ ವಯರ್ ಎಳ್ಕೊಂಡು ಹೋಗ್ತಾರಾ?"

ನಾನು ಯಾರ ಪಕ್ಷ ಎಂದು ಕೇಳಬೇಡಿ. ಬಡಿಸಿದವರ ಪಕ್ಷ.

ಅಮ್ಮನದ್ದು ಬಾಯಿಮಾತಲ್ಲ. ಚಪ್ಪಟೆ ಕ್ಯಾನುಗಳಲ್ಲಿ ಉಪ್ಪುನೀರು ತುಂಬಿಸಿ ಫ್ರೀಜರಿನ ಒಳಗೋಡೆಗೆ ಒತ್ತಿ ನಿಲ್ಲಿಸಿದ್ದಳು. ಹಗಲು ಬಿಸಿಲಿನ ಕರೆಂಟಿನಲ್ಲಿ ಅವು ಗಟ್ಟಿಯಾಗಬೇಕು, ಕತ್ತಲಾದ ಮೇಲೆ ಫ್ರೀಜರನ್ನು ಅವೇ ತಣ್ಣಗಿಡಬೇಕು. ಮಾವ ನೋಡಿ ನಕ್ಕುಬಿಟ್ಟರು. ನಾನೂ ಸ್ವಲ್ಪ ನಕ್ಕೆ.

ಅಷ್ಟರಲ್ಲಿ ಮಾವನ ಮಗಳ ಮದುವೆ ಬಂತು. ರಿಸೆಪ್ಶನ್ನಿಗೆ ಅತ್ತೆಯ ಐಸ್‌ಕ್ರೀಮೇ ಆಗಬೇಕು ಎಂದು ಹುಡುಗಿಯ ಹಠ. ಮಾವ ಅರೆಮನಸ್ಸಿನಿಂದ ಒಪ್ಪಿದರು. ಊರಿಡೀ ಸೇರುವ ಕಡೆ ಅದು ಕರಗಿ ನೀರಾದರೆ ಅಂಗಡಿಯ ಹೆಸರು ಹೋಯಿತು, ಅಣ್ಣನ ಎದುರು ಅಮ್ಮ ಮತ್ತೆ ತಲೆ ಎತ್ತುವ ಹಾಗಿಲ್ಲ.

ಮೇ ತಿಂಗಳು. ರಿಸೆಪ್ಶನ್ನಿನ ದಿನ ನಡುಮಧ್ಯಾಹ್ನ ಗಾಳಿ ಎದ್ದು ಕಂಬಗಳು ಬಿದ್ದು ಊರಿಗೇ ಕರೆಂಟಿಲ್ಲ. ಹಾಲ್‌ನ ಜನರೇಟರು ಲೈಟಿಗೂ ಮೈಕಿಗೂ ಮಾತ್ರ ಸಾಕು. ಪಿಕಪ್‌ನಲ್ಲಿ ತಂದಿಳಿಸಿದ ನಮ್ಮ ಫ್ರೀಜರು ಮೂಲೆಯಲ್ಲಿ ಸುಮ್ಮನೆ ಕೂತಿತ್ತು, ಒಳಗೆ ಹಿಂದಿನ ದಿನದ ಬಿಸಿಲಿನಲ್ಲಿ ಗಟ್ಟಿಯಾದ ಆ ಕ್ಯಾನುಗಳೇ ಗತಿ. ಮಾವ ಗಳಿಗೆಗೊಮ್ಮೆ ಬಂದು ಮುಚ್ಚಳ ಎತ್ತಲು ಹೊರಟರು. ಕೊನೆಗೆ ಅಮ್ಮ ರೇಷ್ಮೆ ಸೀರೆಯಲ್ಲೇ ಫ್ರೀಜರಿನ ಮೇಲೆ ಹತ್ತಿ ಕೂತಳು.

"ತೆಗೆದಷ್ಟು ಸಲ ಸೆಕೆ ಒಳಗೆ ಹೋಗ್ತದೆ. ನೀವು ಮಗಳ ಹತ್ತಿರ ಹೋಗಿ ನಿಲ್ಲಿ ಅಣ್ಣ."

ಊಟ ಮುಗಿಯುವವರೆಗೂ ಅವಳು ಇಳಿಯಲಿಲ್ಲ. ಊಟಕ್ಕೆ ಕರೆದವರನ್ನೂ ಅಲ್ಲಿಂದಲೇ ವಾಪಸು ಕಳಿಸಿದಳು. ಆಮೇಲೆ ಮುಚ್ಚಳ ತೆಗೆದು ಮೊದಲ ಬಟ್ಟಲನ್ನು ಅಣ್ಣನಿಗೇ ಕೊಟ್ಟಳು. ಮಾವ ಅಂಗಡಿಯ ತೆಳು ಚಮಚವನ್ನು ಒತ್ತಿದರು. ಇನ್ನೂ ಒತ್ತಿದರು. ಚಮಚ ಬಗ್ಗಿತು, ಐಸ್‌ಕ್ರೀಮ್ ಬಗ್ಗಲಿಲ್ಲ.

"ಕಲ್ಲು ಮಾರಾಯ್ತಿ ಇದು," ಎಂದರು ಮಾವ.

ಐಸ್‌ಕ್ರೀಮ್ ಸ್ವಲ್ಪ ಕರಗಲಿ ಎಂದು ಜನ ಬಟ್ಟಲು ಹಿಡಿದು ಕಾದ ಮದುವೆ ಮಂಗಳೂರಿನಲ್ಲಿ ಅದೊಂದೇ ಇರಬೇಕು. ನನಗಂತೂ ಆವತ್ತು ಅಮ್ಮನನ್ನು ಹೆಗಲ ಮೇಲೆ ಹೊತ್ತು ಕುಣಿಯುವಷ್ಟು ಖುಷಿಯಾಗಿತ್ತು.

ಇಷ್ಟು ಹೇಳುವಷ್ಟರಲ್ಲಿ ಬಾಗಿಲಿಗೆ ಬಂದವರು ಮಾವನೇ, ಜೊತೆಗೆ ಸ್ಥಾವರದ ಇಬ್ಬರು ಹಳೆಯ ಗೆಳೆಯರು. ಶರಬತ್ತು ಇನ್ನೂ ಆಗಿರಲಿಲ್ಲ. ಮಾವನ ಕಣ್ಣು ನನ್ನ ಕೈಗೆ ಬಿತ್ತು. "ಅದನ್ನು ಕೊಡು ಇಲ್ಲಿ," ಎಂದು ಚಮಚ ತೆಗೆದುಕೊಂಡು ಗೆಳೆಯರ ಎದುರು ಹಿಡಿದರು.

"ಅಣು ಬೇಕು, ಅದು ನಾನು ಸಾಯುವವರೆಗೆ ಹೇಳ್ತೇನೆ. ಆದರೆ ಬಿಸಿಲನ್ನು ಕೂಡಿಡಲಿಕ್ಕೆ ಆಗುವುದಿಲ್ಲ ಅಂತ ನನ್ನ ಎದುರು ಯಾರೂ ಹೇಳಬಾರದು. ಇದು ನೋಡಿ. ನನ್ನ ತಂಗಿ ಮಾಡಿದ್ದು."

ಇಷ್ಟು ವರ್ಷ ಆ ಚಮಚ ಅಮ್ಮ ಗೆದ್ದದ್ದು ಎಂದುಕೊಂಡಿದ್ದೆ. ಮಾವನ ಮುಖ ನೋಡಿದರೆ, ಗೆದ್ದವರು ಅವರೇ.