ಆಲೆಮನೆಯ ಮೋಟುಗೋಡೆ

ಕೊರೋನಾ ಹಾವಳಿ ಮುಗಿದ ಮಾರನೇ ವರ್ಷದ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿ ಕರಣೆ ಹಿಡಿದ ನಾನು ಆಗ ಪಾಂಡವಪುರದ ಸುತ್ತಮುತ್ತ ಮನೆ ಕಟ್ಟಿಸುವ ಸಣ್ಣ ಕಂಟ್ರ್ಯಾಕ್ಟರನಾಗಿದ್ದೆ. ನಾಲೆಯ ಪಕ್ಕದಲ್ಲಿ ಬೆಲ್ಲ ಕಾಯಿಸುವುದು ನಿಂತುಹೋಗಿದ್ದ ಒಂದು ಹಳೆಯ ಆಲೆಮನೆ ಇತ್ತು. ಮಾನಸಿಕ ಕಾಯಿಲೆಯವರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವಂಥ ಹಗಲು ಕೇಂದ್ರವನ್ನಾಗಿ ಅದನ್ನು ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಅದೇ ನನ್ನ ಕೊನೆಯ ದೊಡ್ಡ ಕೆಲಸ.

ಪ್ಲಾನ್ ಬರೆದವರು ಮೈಸೂರಿನ ಆರ್ಕಿಟೆಕ್ಟ್ ಶ್ವೇತಾ ಮೇಡಂ. ಇದಕ್ಕೆ ರೀಜೆನರೇಟಿವ್ ಆರ್ಕಿಟೆಕ್ಚರ್ ಅನ್ನುತ್ತಾರೆ ಎಂದು ಅವರು ಮೊದಲ ದಿನವೇ ವಿವರಿಸಿದರು. ಕಟ್ಟಡ ಎಂದರೆ ನೆಲ, ನೀರು, ಮರ ಎಲ್ಲವನ್ನೂ ತಿಂದು ನಿಲ್ಲುವುದಲ್ಲ. ಪಡೆದದ್ದನ್ನು ಹಿಂದಕ್ಕೆ ಕೊಡಬೇಕು, ಒಳಗಿರುವ ಮನುಷ್ಯರೂ ಅದರಿಂದ ಚೇತರಿಸಿಕೊಳ್ಳಬೇಕು. ಹಳೆಯ ಹೆಂಚುಗಳನ್ನು ತೊಳೆದು ಮತ್ತೆ ಹೊದಿಸಿದೆವು. ಕೆರೆಯ ಹೂಳನ್ನು ಬೆರೆಸಿ ಇಟ್ಟಿಗೆ ಒತ್ತಿದೆವು. ಕೈ ತೊಳೆದ ನೀರು ಬಾಳೆಯ ಪಾತಿಗೆ ಹೋಗುವಂತೆ ಪೈಪು ಎಳೆದೆವು. ಕೊಪ್ಪರಿಗೆಯ ಹೊಗೆ ಹೋಗಲೆಂದು ಹಿಂದಿನವರು ಮಾಡಿನ ನೆತ್ತಿಯಲ್ಲಿ ಬಿಟ್ಟಿದ್ದ ಸಂದನ್ನು ಬೆಳಕಿಗಾಗಿ, ಬಿಸಿಗಾಳಿ ಹೊರಹೋಗುವುದಕ್ಕಾಗಿ ಹಾಗೇ ಉಳಿಸಿದೆವು.

ನಾಲೆಯ ಕಡೆಗೆ ಮಾತ್ರ ಪ್ಲಾನಿನಲ್ಲಿ ಗೋಡೆಯೇ ಇರಲಿಲ್ಲ. ಎರಡು ಅಡಿ ಎತ್ತರದ, ಕೂರುವಷ್ಟು ಅಗಲದ ಮೋಟುಗೋಡೆ, ಅದರ ಮೇಲೆ ಬರಿಯ ಬಯಲು. ಅಲ್ಲಿ ಕೂತರೆ ನೀರು, ಕಬ್ಬಿನ ಗದ್ದೆ, ದಾರಿಯಲ್ಲಿ ಹೋಗಿಬರುವವರು ಎಲ್ಲ ಕಾಣಬೇಕೆಂಬುದು ಮೇಡಂ ಅವರ ಆಸೆ.

ಬೇರೆ ಕೆಲಸದಿಂದಾಗಿ ಅವರಿಗೆ ಕೆಲವು ವಾರ ಬರಲಾಗಲಿಲ್ಲ. ಆಗ ಪಕ್ಕದ ಗದ್ದೆಯ ಬೋರೇಗೌಡರು ಬಂದು ನಿಂತರು. “ನಮ್ಮ ಹೆಣ್ಮಕ್ಳು ಕಳೆ ಕೀಳೋ ಎದ್ರುಗೇ ತಲೆಕೆಟ್ಟೋರ್ನ ಕೂರುಸ್ತೀಯಲ್ಲಾ ಮೇಸ್ತ್ರಿ, ಗೋಡೆ ಮ್ಯಾಲಕ್ಕೆ ಎತ್ಬುಡು” ಎಂದರು. ನಾನು ಸಿಮೆಂಟ್ ಬ್ಲಾಕು ತರಿಸಿ ಮಾಡಿನವರೆಗೂ ಎತ್ತಿಬಿಟ್ಟೆ. ಮೇಲೆ ಕೈಗೆಟುಕದಂತೆ ಎರಡು ಸಣ್ಣ ವೆಂಟಿಲೇಟರ್ ಇಟ್ಟೆ.

ಗೌಡರ ಮಾತಿಗಾಗಿ ಕಟ್ಟಿದೆ ಎಂದು ಎಷ್ಟೋ ದಿನ ಹೇಳಿಕೊಂಡೆ. ನಿಜ ಅದಲ್ಲ. ಅಂಥ ಗೋಡೆ ಕಟ್ಟುವುದು ನನ್ನ ಕೈಗೆ ರೂಢಿಯಾಗಿತ್ತು. ನನ್ನ ತಮ್ಮ ಕೆಂಪರಾಜನಿಗೆ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಬಂದಿತ್ತು. ಯಾರಿಗೂ ಕೇಡು ಮಾಡಿದವನಲ್ಲ; ಒಬ್ಬನೇ ಮಾತಾಡಿಕೊಳ್ಳುತ್ತಿದ್ದ, ಬೀದಿಯಲ್ಲಿ ಕಂಡವರನ್ನೆಲ್ಲ ಕರೆದು ನಿಲ್ಲಿಸುತ್ತಿದ್ದ. ನಾನು ಸ್ವಂತ ಮನೆ ಕಟ್ಟುವಾಗ ಮಗಳು ಮದುವೆಗೆ ಬಂದಿದ್ದಳು. ಹೆಣ್ಣು ನೋಡಲು ಬಂದವರ ಕಣ್ಣಿಗೆ ಇವನು ಬೀಳಬಾರದೆಂದು ಹಿತ್ತಲ ಕಡೆ ಒಂದು ಕೋಣೆ ಮಾಡಿ, ಅದಕ್ಕೆ ಕಿಟಕಿಯೇ ಇಡಲಿಲ್ಲ. ತಾಲ್ಲೂಕಿನ ತುಂಬ ಕಿಟಕಿ ಕೂರಿಸಿದವನು ಒಡಹುಟ್ಟಿದವನಿಗೆ ಒಂದನ್ನು ಇಡದೆ ಹೋದೆ. ಮಗಳ ಮದುವೆಯಾಗಿ, ಮೊಮ್ಮಕ್ಕಳಾದರೂ ಅವನು ಅಲ್ಲೇ ಇದ್ದ.

ಮೇಡಂ ವಾಪಸ್ ಬಂದು ಗೋಡೆ ನೋಡಿದರು. ಕೂಗಾಡಲಿಲ್ಲ. “ಯಾರಿಗೆ ಏನು ಕಾಣಬಾರದು ಅಂತ ಇದನ್ನ ಕಟ್ಟಿದ್ರಿ ಮೇಸ್ತ್ರಿಗಳೇ?” ಎಂದು ಕೇಳಿದರು. ಕಳ್ಳರ ಕಾಟ ಎಂದು ಸುಳ್ಳು ಹೇಳಿದೆ. ಕೆಡವಲೇಬೇಕೆಂದರು. ಕೇಂದ್ರ ಶುರುವಾಗಲಿ, ಆಮೇಲೆ ನೋಡೋಣ ಎಂದು ತಳ್ಳಿಹಾಕಿದೆ.

ಶುರುವಾಗುವ ಹಿಂದಿನ ದಿನ ಮನೆಯಲ್ಲಿ ನನ್ನ ಹೆಂಡತಿ ಜಯಮ್ಮ ಅನ್ನ ಬಡಿಸುತ್ತಾ, “ಊರೋರ ಮಕ್ಳಿಗೆಲ್ಲಾ ಕಟ್ಕೊಡ್ತೀರಿ. ನಮ್ಮ ಮೈದ ಏನ್ ಪಾಪ ಮಾಡವ್ನೆ?” ಎಂದಳು. ಬೆಳಿಗ್ಗೆ ಅವಳೇ ಅವನಿಗೆ ಸ್ನಾನ ಮಾಡಿಸಿ, ಒಗೆದ ಅಂಗಿ ತೊಡಿಸಿ ಕರೆತಂದಳು.

ಕೆಂಪರಾಜ ಬಾಗಿಲವರೆಗೂ ಬಂದ. ಒಳಗೆ ಇಣುಕಿ ಹಿಂದಕ್ಕೆ ಸರಿದು, ಹೊರಗಿನ ಹೊಂಗೆಮರದ ಬುಡದಲ್ಲಿ ಕೂತ. ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ ಹಾಗೇ. ಬಲವಂತ ಮಾಡಬೇಡಿ ಎಂದರು ಅಲ್ಲಿನ ಡಾಕ್ಟರು. ಆದರೆ ಒಳಗೆ ಬಂದು ನಾಲ್ಕು ಜನರ ಜೊತೆ ಕೂರದಿದ್ದರೆ ಅವರಾದರೂ ಏನು ಮಾಡಲಾದೀತು? ಅವನು ಮತ್ತೆ ಆ ಹಿತ್ತಲ ಕೋಣೆಗೇ ಹೋಗಬೇಕಾಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ಬೀಡಿ ಕೊಟ್ಟು, ಯಾಕೆ ಒಳಗೆ ಬರಲ್ಲವೆಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

“ಇದೂ ಆ ರೂಮೇ ಕಣಣ್ಣ. ವಸಿ ದೊಡ್ದು ಅಷ್ಟೇಯ.”

ನಾನು ಎದ್ದು ಹೋಗಿ ಗಾಡಿಯಿಂದ ಸುತ್ತಿಗೆ, ಚಾಣ ತಂದೆ. ಆಳುಗಳನ್ನು ಕರೆಯಲಿಲ್ಲ. ಮೇಲಿನ ಸಾಲಿನಿಂದ ಒಂದೊಂದೇ ಬ್ಲಾಕು ಬಿಡಿಸತೊಡಗಿದೆ. ಎದೆಮಟ್ಟಕ್ಕೆ ಇಳಿದಾಗ ಆ ಕಡೆಯಿಂದ ಎರಡು ಕೈಗಳು ಬಂದು ಬ್ಲಾಕನ್ನು ಹಿಡಿದುಕೊಂಡವು. ಕೆಂಪರಾಜ ಹೊರಗಿನಿಂದ ತೆಗೆದು ತೆಗೆದು ಜೋಡಿಸುತ್ತಿದ್ದ. “ಮೆತ್ತಗೆ ಒಡಿಯಣ್ಣ, ವಯಸ್ಸಾಗದೆ ನಿಂಗೆ” ಎಂದ. ಎಷ್ಟೋ ವರ್ಷಗಳ ಮೇಲೆ ಅವನು ನನ್ನನ್ನು ಗೇಲಿ ಮಾಡಿದ್ದು ಅವತ್ತೇ. ಗೋಡೆ ಎರಡು ಅಡಿಗೆ ಇಳಿದಾಗ ಅವನು ಕಾಲೆತ್ತಿ ದಾಟಿ ಒಳಗೆ ಬಂದ. ಬಾಗಿಲಿನಿಂದ ಬರಲಿಲ್ಲ.

ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಕಳ್ಳರ ಸುಳ್ಳನ್ನೂ ಸೇರಿಸಿ. ಬಿಡಿಸಿದ ಬ್ಲಾಕುಗಳನ್ನು ಎಸೆಯಬೇಡಿ ಎಂದಷ್ಟೇ ಹೇಳಿದರು. ಅವುಗಳಿಂದ ಹೊಂಗೆಮರದ ಸುತ್ತ ಕಟ್ಟೆ ಕಟ್ಟಿದೆ. ಆಮೇಲೆ ಮನೆಯ ಆ ಕೋಣೆಗೆ ಲಿಂಟಲ್ ಕೂರಿಸಿ, ಅಂದರೆ ಮೇಲಿನ ಭಾರ ಹೊರುವ ಅಡ್ಡತೊಲೆ ಇಟ್ಟು, ಕಿಟಕಿ ತೆಗೆದೆ. ಯಾವ ಕಡೆಗೆ ಬೇಕೆಂದು ಮೊದಲು ಕೆಂಪರಾಜನನ್ನೇ ಕೇಳಿದೆ. ಜನ ನೀರಿಗೆ ಸೇರುವ ಬೀದಿ ನಲ್ಲಿ ಕಾಣುವ ಕಡೆ ತೋರಿಸಿದ.

ಗೋಡೆ ಕೆಡವಿದ ಮಾತ್ರಕ್ಕೆ ಕಾಯಿಲೆ ಹೋಯಿತೆಂದು ಹೇಳಲಾರೆ. ಮಾತ್ರೆ ಇಂದಿಗೂ ನುಂಗುತ್ತಾನೆ, ಕೆಟ್ಟ ದಿನಗಳೂ ಬರುತ್ತವೆ. ಆದರೆ ನಿದ್ದೆ ಮಾಡುತ್ತಾನೆ, ಬಾಳೆಗೆ ಪಾತಿ ಮಾಡುತ್ತಾನೆ, ಮಿಕ್ಕ ಹೊತ್ತು ಮೋಟುಗೋಡೆಯ ಮೇಲೆ ಕೂತು ನಾಲೆ ನೋಡುತ್ತಾನೆ. ಗೋಡೆ ಎತ್ತಿಸಿದ ಬೋರೇಗೌಡರೇ ಈಗ ಬದುವಿನಿಂದ, “ಲೋ ಕೆಂಪ, ನೀರು ಬುಟ್ರೇನ್ಲಾ?” ಎಂದು ಕೂಗುತ್ತಾರೆ.

“ಆಗ್ಲೇ ಬಂತು ಗೌಡ್ರೇ. ನೀವು ಗೊರಕೆ ಒಡೀತಿದ್ರಿ.”

ನಾನು ಕರಣೆ ಕೆಳಗಿಟ್ಟಿದ್ದೇನೆ. ಆದರೂ ಹೊಸ ಮೇಸ್ತ್ರಿಗಳು ಕಿಟಕಿಯ ಕೆಳಗಿನ ಅಂಚು ಎಷ್ಟು ಎತ್ತರಕ್ಕಿರಲಿ ಎಂದು ಕೇಳಲು ಬರುತ್ತಾರೆ. ನಲವತ್ತು ವರ್ಷ ನಾನು ಟೇಪು ಹಿಡಿದು ನಿಂತುಕೊಂಡೇ ಉತ್ತರ ಹೇಳಿದ್ದೆ. ಈಗ ಅವರ ಜೊತೆ ಹೋಗಿ, ಆ ಕೋಣೆಯಲ್ಲಿ ಇರಬೇಕಾದವರು ಕೂರುವ ಜಾಗದಲ್ಲಿ ನೆಲದ ಮೇಲೆ ಕೂರುತ್ತೇನೆ. ಏನು ಕಾಣುತ್ತದೆ ಎಂದು ನೋಡಿ, ಆಮೇಲೆ ಅಳತೆ ಹೇಳುತ್ತೇನೆ.