ಅವರೆ ಪಾತಿಯಲ್ಲಿ ಟೈರ್ ಗುರುತು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಲಾರಿ ಹಸಿರು ಬಣ್ಣದ್ದು ಎಂದು ನನ್ನ ನೆನಪು. ಅಮ್ಮ ಕೊನೆಯವರೆಗೂ ಅದು ನೀಲಿ ಎಂದೇ ವಾದಿಸಿದಳು. ನನಗೆ ಆಗ ಹತ್ತು ವರ್ಷ, ಇಲ್ಲವೇ ಒಂಬತ್ತು. ಐವತ್ತರ ದಶಕ ಮುಗಿದು ಅರವತ್ತು ಶುರುವಾಗುತ್ತಿದ್ದ ಕಾಲ. ಆದರೆ ಒಂದು ವಿಷಯದಲ್ಲಿ ಸಂಶಯವೇ ಇಲ್ಲ. ನನ್ನ ಸೋದರಮಾವ ಗಂಗಣ್ಣ ಲಾರಿ ಕಂಪನಿಗೆ ಡ್ರೈವರ್ ಆಗಿ ಸೇರಿದಾಗ ಅವರಿಗೆ ರಿವರ್ಸ್ ತೆಗೆಯಲು ಬರುತ್ತಿರಲಿಲ್ಲ.

ನಗಬೇಡಿ. ಮುಂದಕ್ಕೆ ಬಹಳ ಚೆನ್ನಾಗಿ ಓಡಿಸುತ್ತಿದ್ದರು.

ಮಾವನ ಊರು ತಲಘಟ್ಟಪುರದ ಹತ್ತಿರ. ಊರಿಗೆ ಬರುತ್ತಿದ್ದ ಬಸ್ಸಿನ ಡ್ರೈವರ್ ಇವರ ಗೆಳೆಯ. ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಕೊಡುತ್ತಿದ್ದ, ಜನ ಕಂಡ ಕೂಡಲೇ ಸೀಟಿನಿಂದ ಎಬ್ಬಿಸುತ್ತಿದ್ದ. ನೇರ ರಸ್ತೆಯಲ್ಲಿ ಹಿಂದಕ್ಕೆ ಹೋಗುವ ಪ್ರಮೇಯವೆಲ್ಲಿ ಬರುತ್ತದೆ? (ಲೈಸೆನ್ಸ್ ಹೇಗೆ ಸಿಕ್ಕಿತು ಎಂದು ನೀವು ಕೇಳುತ್ತೀರಿ. ನಾನು ಕೇಳಿಲ್ಲ. ಕೆಲವು ಪ್ರಶ್ನೆಗಳನ್ನು ಮನೆಯವರು ಕೇಳಬಾರದು.)

ನಾವಿದ್ದದ್ದು ಜಯನಗರದ ತುದಿಯಲ್ಲಿ, ಕನಕಪುರ ರಸ್ತೆಯ ಕಡೆಗೆ. ಹತ್ತು ಸೈಟಿಗೆ ಒಂದು ಮನೆ. ಮಿಕ್ಕದ್ದೆಲ್ಲ ಬಯಲು. ನಮ್ಮ ಹಿತ್ತಲಿಗೆ ಹೊಂದಿಕೊಂಡೇ ಲಾರಿ ಶೆಡ್ಡು. ಕಂಪನಿಯ ಲಾರಿಗಳು ಮೈಸೂರು, ಹಾಸನ, ಸೇಲಂ ಎಂದೆಲ್ಲ ಓಡಾಡುತ್ತಿದ್ದವು. ಹೊಸ ಡ್ರೈವರಿಗೆ ಮಾತ್ರ ಮೂರು ತಿಂಗಳು ಲೋಕಲ್. ಮನೆ ಕಟ್ಟುವವರಿಗೆ ಕಲ್ಲು, ಇಟ್ಟಿಗೆ, ಮರಳು ಸಾಗಿಸಬೇಕು. ಆಮೇಲೆ ಸಾಹುಕಾರರು ಒಪ್ಪಿದರೆ ದೂರದೂರಿನ ಲೈನ್ ಗಾಡಿ. ಒಪ್ಪದಿದ್ದರೆ ಊರಿನ ದಾರಿ. ಅಲ್ಲಿ ನನ್ನ ತಾತ ಹೊಸದಾಗಿ ಒಂದು ಜೊತೆ ಎತ್ತು ತಂದು ಕಟ್ಟಿಕೊಂಡು ಕಾಯುತ್ತಿದ್ದರು. ‘ಬತ್ತಾನೆ ಬಿಡು, ಎಲ್ಲೋಯ್ತಾನೆ’ ಎಂದು ಬಂದವರ ಹತ್ತಿರವೆಲ್ಲ ಹೇಳುತ್ತಿದ್ದರಂತೆ.

ಮಾವನಿಗೆ ಆ ಎತ್ತುಗಳ ಮುಖ ನೆನೆದರೇ ಬೆವರು.

ಬಯಲಿನಲ್ಲಿ ಮಾವ ರಾಜ. ಲಾರಿ ತಿರುಗಿಸಬೇಕೆ? ಯಾರದೋ ಖಾಲಿ ಸೈಟಿಗೆ ಇಳಿದು ದೊಡ್ಡದೊಂದು ಸುತ್ತು ಹಾಕಿ ಬಂದುಬಿಡುತ್ತಿದ್ದರು. ಕಷ್ಟವಿದ್ದದ್ದು ಸಂಜೆ. ಶುಕ್ರವಾರ ಬೆಳಿಗ್ಗೆ ಸಾಹುಕಾರರು ಪ್ರತಿ ಲಾರಿಯ ಮುಂದೆ ಕರ್ಪೂರ ಹಚ್ಚುತ್ತಿದ್ದರು. ಮುಖ ಪೂರ್ವಕ್ಕೇ ಇರಬೇಕು. ಗೇಟೂ ಪೂರ್ವಕ್ಕೇ. ಅಂದರೆ ದಿನವೂ ರಿವರ್ಸಿನಲ್ಲೇ ಒಳಗೆ ಬಂದು ಸಾಲಾಗಿ ನಿಲ್ಲಬೇಕು.

ಮಾವ ಕಂಡುಕೊಂಡ ಉಪಾಯ ಏನು ಗೊತ್ತೇ? ಶೆಡ್ಡಿನ ಹಿಂಬದಿಗೆ ಗೋಡೆ ಇರಲಿಲ್ಲ. ನಮ್ಮ ಮನೆ ಪಕ್ಕದ ಓಣಿಯಲ್ಲಿ ಬಂದು, ನಮ್ಮ ಹಿತ್ತಲು ಹಾದು, ಹಿಂದಿನಿಂದ ನೆಟ್ಟಗೆ ಒಳಗೆ! ಲಾರಿಯ ಮುಖ ಪೂರ್ವಕ್ಕೆ. ಯಾರಿಗೂ ಅನುಮಾನವಿಲ್ಲ. ಓಣಿಯ ಮೂಲೆಯಿಂದ ಶೆಡ್ಡಿನವರೆಗೆ ನನ್ನನ್ನು ಕೂರಿಸಿಕೊಂಡು ಬರುತ್ತಿದ್ದರು. ಅದು ನನ್ನ ಬಾಯಿಗೆ ಹಾಕಿದ ಬೀಗ. ಅಮ್ಮನಿಗೂ ಗೊತ್ತಿತ್ತು, ಆದರೆ ಹತ್ತಿರವಾಗುತ್ತದೆಂದು ತಮ್ಮ ಹೀಗೆ ಬರುತ್ತಾನೆ ಎಂದುಕೊಂಡಿದ್ದಳು. ಅಪ್ಪ ಸ್ಕೂಲ್ ಮೇಷ್ಟ್ರು. ಟ್ಯೂಷನ್ ಮುಗಿಸಿ ಬರುವ ಹೊತ್ತಿಗೆ ಎಲ್ಲ ನಿಶ್ಶಬ್ದ.

ಆದರೆ ಹಿತ್ತಲಲ್ಲಿ ಅಪ್ಪನ ಅವರೆ ಪಾತಿ ಇತ್ತು.

‘ಗಂಗ, ಯಾವನೋ ನಮ್ಮ ಅವರೆ ಗಿಡದ ಮೇಲೆ ಹಾದು ಹೋಗ್ತಿದ್ದಾನಲ್ಲಯ್ಯ’ ಎಂದರು ಅಪ್ಪ ಒಂದು ಭಾನುವಾರ.

‘ದನ ಇರ್ಬೇಕು ಭಾವ.’

‘ದನಕ್ಕೆ ಟೈರ್ ಇರುತ್ತೇನಯ್ಯ?’

ಮಾವ ತಟ್ಟೆಗೆ ಇನ್ನಷ್ಟು ಸಾರು ಹಾಕಿಸಿಕೊಂಡರು. ಕಾಂಪೌಂಡ್ ಹಾಕಿಸಿಬಿಡುತ್ತೇನೆ ಎಂದರು ಅಪ್ಪ. ಆಗ ಮಾವನ ಬಾಯಿಂದ ಬಂದ ಬುದ್ಧಿವಾದ ಒಂದೇ ಎರಡೇ!

‘ಗಾಳಿ ಬರಲ್ಲ ಭಾವ... ಹಾವು ಸೇರ್ಕೊಳ್ಳುತ್ತೆ ಭಾವ... ಅಕ್ಕಪಕ್ಕದೋರು ಏನಂದ್ಕೋತಾರೆ?’

‘ಅಕ್ಕಪಕ್ಕ ಯಾರಿದ್ದಾರಯ್ಯ ಇಲ್ಲಿ?’

ಹುಳಿಮಾವಿನ ಕಡೆಯಿಂದ ಸೈಜುಗಲ್ಲು ತರಿಸುವುದೆಂದಾಯಿತು. ಲೋಕಲ್ ಲೋಡು ಯಾರ ಪಾಲಿಗೆ? ಹೊಸ ಡ್ರೈವರಿಗೆ. ತನ್ನ ದಾರಿಗೆ ಅಡ್ಡ ಕಟ್ಟುವ ಕಲ್ಲನ್ನು ಮಾವ ತಾವೇ ಹೊತ್ತು ತಂದರು. ಮೂರು ಲೋಡು. ‘ಭಾಮೈದ ಅಂದ್ರೆ ಹೀಗಿರ್ಬೇಕು’ ಎಂದು ಅಪ್ಪ ಬೆನ್ನು ತಟ್ಟಿದರು. ಅಷ್ಟು ಬಾಡಿದ ಮುಖದಲ್ಲಿ ಹೊಗಳಿಸಿಕೊಂಡವರನ್ನು ನಾನು ಮತ್ತೆ ಕಂಡಿಲ್ಲ.

ಗೋಡೆ ಮೊಣಕಾಲೆತ್ತರ ಬಂದು, ಲಾರಿ ನುಗ್ಗುವಷ್ಟು ಒಂದು ಸಂದು ಮಾತ್ರ ಉಳಿದ ದಿನ ಮಾವ ಅಡುಗೆಮನೆಯಲ್ಲಿ ಬಾಯಿಬಿಟ್ಟರು. ಬರುವ ಗುರುವಾರಕ್ಕೆ ಮೂರು ತಿಂಗಳು. ಅವತ್ತು ಸಂಜೆ ಎರಡು ಲಾರಿಗಳ ನಡುವಿನ ಜಾಗಕ್ಕೆ ಗಾಡಿ ತಂದು ನಿಲ್ಲಿಸಬೇಕು. ಮರುದಿನ ಕರ್ಪೂರದ ಹೊತ್ತಿಗೆ ಸಾಹುಕಾರರು ದಾರ ಹಿಡಿದು ಬಂಪರುಗಳ ಸಾಲು ನೋಡುತ್ತಾರೆ. ಅದೇ ಪರೀಕ್ಷೆ.

‘ಎತ್ತಿನ ಗಾಡೀನ ಹಿಂದಕ್ಕೆ ನೂಕ್ತಿದ್ಯಲ್ಲೋ, ಇದು ಬರಲ್ವಾ?’ ಅಮ್ಮನಿಗೆ ಆಶ್ಚರ್ಯ.

‘ಎತ್ತು ಮಾತು ಕೇಳುತ್ತೆ ಕಣಕ್ಕ.’

‘ಕರೀಂ ಸಾಬ್ರನ್ನ ಕೇಳು.’ ಕರೀಂ ಸಾಬ್ರು ಶೆಡ್ಡಿನ ಹಿರಿಯ ಡ್ರೈವರ್, ಗಲ್ಲದ ತುಂಬ ಬಿಳಿ ಗಡ್ಡ.

‘ಕೇಳಿದ್ರೆ ಬರಲ್ಲ ಅಂತ ಗೊತ್ತಾಗೋಗುತ್ತಲ್ಲಕ್ಕ!’

ಇದನ್ನು ಬರೆಯುವಾಗ ನಗು ಬಂತು, ಆಮೇಲೆ ನಿಂತಿತು. ಎಂ.ಎ. ಮುಗಿಸಿ ಕಾಲೇಜಿಗೆ ಪಾಠ ಹೇಳಲು ಸೇರಿದಾಗ ನನಗೆ ಟೈಮ್ ಟೇಬಲ್ ಓದಲು ಬರುತ್ತಿರಲಿಲ್ಲ. ಯಾರನ್ನೂ ಕೇಳಲಿಲ್ಲ. ಒಂದು ಟರ್ಮ್ ಪೂರ್ತಿ ಸಹೋದ್ಯೋಗಿಯೊಬ್ಬರ ಬೆನ್ನು ಹಿಡಿದು ಓಡಾಡಿದೆ. ಅವರು ರಜೆ ಹಾಕಿದ ದಿನ ತಪ್ಪು ತರಗತಿಗೆ ಹೋಗಿ ಮುಕ್ಕಾಲು ಗಂಟೆ ಪಾಠ ಮಾಡಿ ಬಂದೆ. (ಮಕ್ಕಳೂ ಹೇಳಲಿಲ್ಲ.) ಹೊಸ ಕೆಲಸದಲ್ಲಿ ಎಲ್ಲರಿಗೂ ಇಂಥದ್ದೊಂದು ಹಿತ್ತಲ ದಾರಿ ಇದ್ದೇ ಇರುತ್ತದೋ ಏನೋ. ನಿಮಗಿರಲಿಲ್ಲವೇ? ಬಿಡಿ, ನನಗೆ ಹೇಳಬೇಕಾಗಿಲ್ಲ.

ಅಮ್ಮ ಸುಮ್ಮನಿರುವವಳಲ್ಲ. ಬುಧವಾರ ಸಂಜೆ ಕೊನೆಯ ಕಲ್ಲು ಕೂತ ಮೇಲೆ, ಹೊಸ ಗೋಡೆಯ ಮೇಲಿಂದಲೇ ಸಾಬ್ರನ್ನು ಕರೆದಳು. ನಾನು ಪಕ್ಕದಲ್ಲೇ ಇದ್ದೆ. ಅವಳು ತಡವರಿಸುತ್ತ ಶುರುಮಾಡುವಷ್ಟರಲ್ಲಿ ಸಾಬ್ರು ಗಡ್ಡ ನೀವಿಕೊಂಡು ನಕ್ಕರು.

‘ನಂಗೆ ಮೊದಲ್ನೇ ದಿನಾನೇ ಗೊತ್ತಮ್ಮ. ಶೆಡ್ಡಿಗೆ ಗೇಟ್ ಇರೋದು ಮುಂದೆ, ಇವನ ಟೈರ್ ಗುರುತು ಇರೋದು ಹಿಂದೆ.’

‘ಮತ್ತೆ ಯಾರಿಗೂ ಹೇಳ್ಲಿಲ್ವಾ?’

‘ಯಾರೂ ಕೇಳ್ಲಿಲ್ಲ.’

‘ಈಗೇನ್ಮಾಡೋದು ಸಾಬ್ರೇ? ಊರಲ್ಲಿ ನಮ್ಮಪ್ಪ ಎತ್ತು ಕಟ್ಕೊಂಡು ಕೂತವ್ರೆ.’

‘ಗುರುವಾರ ಬರ್ಲಿ’ ಎಂದಷ್ಟೇ ಹೇಳಿ ಸಾಬ್ರು ಹೊರಟುಹೋದರು. ಗುರುವಾರಕ್ಕೆ ಉಳಿದಿದ್ದದ್ದು ಒಂದು ರಾತ್ರಿ!

ಮರುದಿನ ಸಂಜೆ ನಾನು ಗೋಡೆ ಹತ್ತಿ ಕೂತಿದ್ದೆ. ಗೇಟಿನಿಂದ ಲಾರಿ ಬೆನ್ನು ತೋರಿಸಿಕೊಂಡು ಒಳಗೆ ಬಂತು. ಗಡಬಿಡಿಯಿಲ್ಲ, ಸೊಟ್ಟ ಹೋಗಲಿಲ್ಲ. ಎರಡು ಲಾರಿಗಳ ನಡುವೆ ಮೆಲ್ಲನೆ ಜಾರಿ ನಿಂತಿತು. ರಿವರ್ಸ್ ತೆಗೆಯುವಾಗ ಡ್ರೈವರು ತಲೆ ಹೊರಗೆ ಹಾಕಿ ಹಿಂದೆ ನೋಡಬೇಕಲ್ಲ? ಆ ತಲೆಯನ್ನು ನಾನು ನೋಡಿದೆ. ಗಲ್ಲ ಬೆಳ್ಳಗಿತ್ತು.

ಹಾಗೆಂದು ನನ್ನ ನೆನಪು. ಆದರೆ ಶೆಡ್ಡಿನ ತುಂಬ ಧೂಳು ಎದ್ದಿತ್ತು. ದಿನವಿಡೀ ಕಲ್ಲು, ಮರಳು ಹೊತ್ತು ಬಂದರೆ ಇಪ್ಪತ್ತೆರಡರ ಹುಡುಗನ ಗಲ್ಲವೂ ಬೆಳ್ಳಗಾಗುವುದಿಲ್ಲವೇ? ಆಗ ನಾನು ಹಳೆಯ ನೋಟ್‌ಬುಕ್ಕಿನಲ್ಲಿ ಡೈರಿ ಬರೆಯುತ್ತಿದ್ದೆ. ಈಗ ಅದನ್ನು ಹುಡುಕಿ ತೆಗೆದೆ. ಶುಕ್ರವಾರದ ಪುಟದಲ್ಲಿ ಇರುವುದು ಇಷ್ಟೇ: ‘ಮಾವ ಪಾಸು. ಮನೆಯಲ್ಲಿ ಹೋಳಿಗೆ.’ ಗುರುವಾರದ ಪುಟ ಖಾಲಿ. ಅಷ್ಟು ದೊಡ್ಡ ಸಂಗತಿ ಕಂಡವಳು ಒಂದು ಸಾಲೂ ಬರೆಯಲಿಲ್ಲವೇಕೆ? ಕಂಡದ್ದು ನಿಜವಲ್ಲವೆಂದೋ, ಬರೆಯಬಾರದೆಂದು ಅಮ್ಮ ಹೇಳಿದ್ದಳೆಂದೋ? ಎರಡಕ್ಕೂ ಸಾಕ್ಷಿಯಿಲ್ಲ.

ಸಾಹುಕಾರರ ದಾರಕ್ಕೆ ಬಂಪರು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲವಂತೆ. ಮಾವನಿಗೆ ಹಾಸನದ ಲೈನ್ ಸಿಕ್ಕಿತು. ತಾತ ಎತ್ತು ಮಾರಿದರು. ಆಮೇಲೆ ಮಾವ ಮೂವತ್ತು ವರ್ಷಕ್ಕೂ ಹೆಚ್ಚು ಲಾರಿ ಓಡಿಸಿದರು. ಅಷ್ಟೂ ವರ್ಷ ಮುಂದಕ್ಕೇ ಓಡಿಸಿರಲು ಸಾಧ್ಯವಿಲ್ಲ. ಯಾವಾಗಲೋ ಕಲಿತರು. ಬುಧವಾರ ರಾತ್ರಿಯೇ ಕಲಿತರೋ, ಹಾಸನಕ್ಕೆ ಹೋದ ಮೇಲೋ?

ಕಳೆದ ಭಾನುವಾರ ಮಾವ ಮನೆಗೆ ಬಂದಿದ್ದರು. ಎಂಬತ್ತು ದಾಟಿದೆ, ಕಿವಿ ಚುರುಕಾಗಿಯೇ ಇದೆ. ಊಟ ಆದ ಮೇಲೆ, ಅಮ್ಮನೂ ಇಲ್ಲ, ಸಾಬ್ರೂ ಇಲ್ಲ, ಇನ್ನು ಯಾರನ್ನು ಕೇಳಲಿ ಎಂದುಕೊಂಡು ಕೇಳಿಯೇಬಿಟ್ಟೆ. ಮಾವ ನನ್ನ ಮುಖ ನೋಡಿದರು. ‘ಫ್ಯಾನ್ ಸ್ವಲ್ಪ ಜೋರ್ ಮಾಡು ಪುಟ್ಟಿ’ ಎಂದರು. ಜೋರು ಮಾಡಿ ಬಂದು, ಎದುರಿಗೇ ಕೂತು ಇನ್ನೊಮ್ಮೆ ಕೇಳಿದೆ:

‘ಮಾವ, ಆ ಗುರುವಾರ ಲಾರಿಯಿಂದ ತಲೆ ಹೊರಗೆ ಹಾಕಿದ್ದು ನೀವಾ, ಸಾಬ್ರಾ?’