ಬಿರುಗಾಳಿಯ ದಿನ ಮಾರ್ಟಿನ್‌ಗೆ ಹೇಳಿದ ಕೋಳಿಸಾರು

ಬಾಡಿಗೆಗೆ ಹಿಡಿದ ಮನೆಗೆ ಸಾಮಾನು ತುಂಬಿಕೊಂಡು ಬಂದು, ಮುಂಬಾಗಿಲಿನ ಬೀಗ ತೆಗೆದು ಒಳಗೆ ಕಾಲಿಟ್ಟರೆ, ಅಡುಗೆಮನೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬರು ಮೊಣಕಾಲೂರಿ ಕೂತು ಒಲೆ ಹಚ್ಚುತ್ತಿದ್ದರು. ನಮ್ಮನ್ನು ನೋಡಿ ಅವರೇನೂ ಗಾಬರಿಯಾಗಲಿಲ್ಲ. ಕೈ ಒರೆಸಿಕೊಂಡು ಎದ್ದು, "ಬಂದ್ರಾ? ಮನೆ ಕೊರೀತಿತ್ತು. ಮಗು ಇದೆ ಅಂತ ಕೇಳಿದ್ದೆ, ಅದಕ್ಕೇ ಒಲೆ ಹಚ್ಚೋಣ ಅಂತ ಬಂದೆ" ಎಂದರು.

ನನ್ನ ಗಂಡ ಗಿರೀಶ ಕಿವಿಯಲ್ಲಿ, "ಇವ್ರು ಒಳಗೆ ಹೆಂಗೆ ಬಂದ್ರು?" ಎಂದ. ಹಿಂಬಾಗಿಲಿನಿಂದ ಬಂದಿದ್ದರು. ಆ ಬಾಗಿಲಿಗೆ ಬೀಗ ಹಾಕುವ ಪದ್ಧತಿಯೇ ಇಲ್ಲವೆಂದೂ, ಮುಂಬಾಗಿಲು ತಟ್ಟುವವರು ಪಾದ್ರಿಗಳು, ಪೊಲೀಸರು ಮತ್ತು ಮತ ಕೇಳಲು ಬಂದವರು ಮಾತ್ರವೆಂದೂ ನಮಗೆ ತಿಳಿದದ್ದು ಆಮೇಲೆ. ಅವರ ಹೆಸರು ಬ್ರೀಡಾ. ಅರವತ್ತು ದಾಟಿದವರು. ಹೊಲದ ಆಚೆಯ ಮನೆಯಲ್ಲಿ ಅಣ್ಣ ಮಾರ್ಟಿನ್ ಜೊತೆ ಇದ್ದರು. ಅಣ್ಣತಂಗಿ ಇಬ್ಬರೂ ಮದುವೆಯಾದವರಲ್ಲ.

ನಾನು ಕುಂದಾಪುರದವಳು, ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್. ಗಿರೀಶ ಮೈಸೂರಿನವನು. ಅಲ್ಲೇ ವೈದ್ಯಕೀಯ ಉಪಕರಣ ಮಾಡುವ ಕಂಪನಿಯಲ್ಲಿ ಕೆಲಸ. ಗಾಲ್ವೇಯಲ್ಲಿ ನಾವಿದ್ದ ಅಪಾರ್ಟ್‌ಮೆಂಟನ್ನು ಮಾಲೀಕರು ಮಾರಿಬಿಟ್ಟಾಗ ಇನ್ನೊಂದು ಮನೆ ಸಿಗಲಿಲ್ಲ. ಒಂದೊಂದು ಮನೆ ನೋಡಲು ಬೀದಿಯುದ್ದಕ್ಕೂ ಜನ ನಿಂತಿರುತ್ತಿದ್ದರು. ಹಾಗಾಗಿ ಊರಿಂದ ಊರಿಗೆ ಹುಡುಕುತ್ತ ಹೋಗಿ, ಕೊನೆಗೆ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಈ ಹಳ್ಳಿಗೆ ಬಂದೆವು. ಹಳ್ಳಿಯೆಂದರೆ ಒಂದು ಚರ್ಚು, ಒಂದು ಅಂಗಡಿ, ಒಂದು ಪಬ್ಬು, ಇಬ್ಬರು ಟೀಚರುಗಳ ಶಾಲೆ ಮತ್ತು ಒಂದು ಸಮುದಾಯ ಭವನ. ನಮ್ಮ ಮನೆ ಇರುವುದು ಅಲ್ಲಿಂದಲೂ ಆಚೆ, ಒಂದು ಬೋರೀನ್‌ನ ತುದಿಯಲ್ಲಿ. ಬೋರೀನ್ ಎಂದರೆ ಒಂದೇ ಕಾರು ಹೋಗುವಷ್ಟು ಅಗಲದ ಓಣಿ. ನಡುವೆ ಹುಲ್ಲು, ಎರಡೂ ಕಡೆ ಕಲ್ಲಿನ ಗೋಡೆ, ಗೋಡೆಯಾಚೆ ದನಗಳು.

ಮೊದಲ ಚಳಿಗಾಲ ಕಷ್ಟದ್ದು. ಮಧ್ಯಾಹ್ನ ನಾಲ್ಕೂವರೆಗೇ ಕತ್ತಲು. ಡ್ಯೂಟಿ ಇಲ್ಲದ ದಿನ ಮನುಷ್ಯರ ದನಿ ಕೇಳಬೇಕೆಂದರೆ ರೇಡಿಯೋ ಹಾಕಬೇಕು. ಕುಂದಾಪುರದ ಬಸ್ಸಿನಲ್ಲಿ ಪಕ್ಕ ಕೂತವರು ಇಳಿಯುವುದರೊಳಗೆ ನಮ್ಮ ಮದುವೆ, ಮಕ್ಕಳು, ಸಂಬಳ ಎಲ್ಲವನ್ನೂ ಕೇಳಿ ಮುಗಿಸಿರುತ್ತಾರೆ. ಇಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಆದರೆ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ಮಗಳು ಸಾನ್ವಿಗೆ ಜ್ವರ ಬಂದು ಶಾಲೆಗೆ ಹೋಗದಿದ್ದರೆ, ಅಂಗಡಿಯಾಕೆ ಬ್ರೆಡ್ ಪೊಟ್ಟಣ ಮಾಡುತ್ತ, "ಈಗ ಅವಳು ಗ್ರ್ಯಾಂಡ್ ತಾನೆ?" ಎನ್ನುತ್ತಾಳೆ. ಗ್ರ್ಯಾಂಡ್ ಅಂದರೆ ಭಾರಿ ಎಂದಲ್ಲ, ಪರವಾಗಿಲ್ಲ ಎಂದಷ್ಟೇ. ಕಾಲು ಮುರಿದವನೂ ಇಲ್ಲಿ ಗ್ರ್ಯಾಂಡ್ ಆಗಿರುತ್ತಾನೆ. ಈಗ ನಮ್ಮ ಮನೆಯ ಕನ್ನಡದಲ್ಲೂ ಆ ಪದ ಸೇರಿಕೊಂಡಿದೆ. "ಸಾರಿಗೆ ಉಪ್ಪು ಸಾಕಾ?" ಎಂದು ಕೇಳಿದರೆ ಗಿರೀಶ, "ಗ್ರ್ಯಾಂಡ್ ಆಗಿದೆ" ಎನ್ನುತ್ತಾನೆ. ಸಾನ್ವಿಯಂತೂ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಪಕ್ಕಾ ಗಾಲ್ವೇ ಹುಡುಗಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಶುಕ್ರವಾರ ಹಳ್ಳಿಗೆ ಮೀನಿನ ವ್ಯಾನ್ ಬರುತ್ತದೆ. ನನ್ನ ಮೊದಲ ಗೆಲುವು ಅಲ್ಲಿಯದು. ವ್ಯಾನಿನ ಒಂದು ಮೂಲೆಯಲ್ಲಿ ಬಂಗಡೆ ಬಿದ್ದಿತ್ತು. ಇವರು ಮ್ಯಾಕರೆಲ್ ಎನ್ನುತ್ತಾರೆ. ದೊಡ್ಡ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ಮೀನು ಎಂಬ ತಾತ್ಸಾರವೂ ಇದೆ. ನಾನು ಇದ್ದಷ್ಟನ್ನೂ ಕೊಡಿ, ತಲೆ ತೆಗೆಯಬೇಡಿ ಎಂದಾಗ ಮೀನಿನವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮುಂದಿನ ವಾರ ನಾನು ಹೋಗುವುದರೊಳಗೆ, ತಲೆ ಸಹಿತ, ನನಗೆಂದೇ ಬೇರೆ ತೆಗೆದಿಟ್ಟಿದ್ದ.

ಮಾರ್ಟಿನ್ ಮಾತ್ರ ಸುಲಭಕ್ಕೆ ಹತ್ತಿರವಾದವರಲ್ಲ. ಎಂಬತ್ತರ ಹತ್ತಿರದ ವಯಸ್ಸು, ಶ್ವಾಸಕೋಶದ ಕಾಯಿಲೆ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕರೆಂಟಿನ ಯಂತ್ರವೊಂದು ಅವರ ಕುರ್ಚಿಯ ಪಕ್ಕ ಗುಂಯ್ ಎನ್ನುತ್ತಿರುತ್ತದೆ. ಅದರ ಕೊಳವೆ ಅವರ ಮೂಗಿಗೆ. ನಾನು ನರ್ಸ್ ಎಂದು ಬ್ರೀಡಾ ಪರಿಚಯಿಸಿದಾಗ, "ಆಸ್ಪತ್ರೆಯವರನ್ನ ಆಸ್ಪತ್ರೆಯಲ್ಲಿ ನೋಡಿದ್ದು ಸಾಕಾಗಿದೆ" ಎಂದು ಮುಖ ತಿರುಗಿಸಿದ್ದರು. ಒಂದು ದಿನ ಕಿಟಕಿಯಾಚೆ ಕಾಣುವ ಹೊಲಗಳಿಗೆ ಹೆಸರಿದೆಯೇ ಎಂದು ಕೇಳಿದೆ. ಅವರ ದನಿ ಬದಲಾಯಿತು. ಪ್ರತಿಯೊಂದು ತುಂಡು ಹೊಲಕ್ಕೂ ಐರಿಶ್ ಭಾಷೆಯ ಹೆಸರಿತ್ತು: ಬಾವಿಯ ಹೊಲ, ನರಿಯ ಹೊಲ, ದಿಬ್ಬದ ಹೊಲ. ನಮ್ಮಲ್ಲೂ ಹಾಗೇ, ಬೆಟ್ಟು, ಹಾಡಿ, ಬೈಲು ಎಂದು ನೆಲವನ್ನು ಹೆಸರಿಟ್ಟು ಕರೆಯುತ್ತೇವೆ ಎಂದೆ. "ಹಾಗಾದ್ರೆ ನಿಮ್ಮವರೂ ತಲೆ ಇದ್ದವರೇ" ಎಂದರು. ಅದಾದ ಮೇಲೆ ಬೈಗುಳ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಎರಡನೆಯ ಚಳಿಗಾಲದಲ್ಲಿ ಬಿರುಗಾಳಿ ಬಂತು. ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ದರು, ಶಾಲೆಗೆ ರಜೆ ಸಾರಿದ್ದರು. ನಾವು ಕರಾವಳಿಯ ಮಳೆಗಾಲ ಕಂಡವರಲ್ಲವೇ ಎಂಬ ಧೈರ್ಯ ನನಗಿತ್ತು. ಆದರೆ ಅದು ಮಳೆಯ ಗಾಳಿಯಲ್ಲ. ಮನೆಯ ಮೇಲೆ ಲಾರಿ ಓಡುತ್ತಿರುವಂಥ ಸದ್ದು. ಬೆಳಗಾದಾಗ ನಮ್ಮ ಶೆಡ್ಡಿನ ತಗಡು ದೂರದ ಹೊಲದಲ್ಲಿ ಬಿದ್ದಿತ್ತು. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಬೋರ್‌ವೆಲ್ ಪಂಪು ಕರೆಂಟಿನದಾದ್ದರಿಂದ ನಲ್ಲಿಯಲ್ಲಿ ನೀರೂ ಇಲ್ಲ.

ಗಾಳಿ ಸ್ವಲ್ಪ ತಗ್ಗುತ್ತಿದ್ದಂತೆ ಬ್ರೀಡಾ ಹಿಂಬಾಗಿಲಿನಿಂದ ಬಂದರು. ಕೋಟಿರಲಿಲ್ಲ, ಕಾಲೆಲ್ಲ ಕೆಸರು.

"ಮಮತಾ, ಮಾರ್ಟಿನ್‌ನ ಮೆಷಿನ್ ನಿಂತಿದೆ. ಸಿಲಿಂಡರ್ ಹಾಕಿದೀನಿ, ಆದ್ರೆ ಅದೂ ಮುಗೀತಾ ಬಂದಿದೆ."

"ಆಂಬುಲೆನ್ಸ್?"

"ಫೋನ್ ಹೋಗ್ತಿಲ್ಲ. ಓಣಿ ತುಂಬ ಮರ ಬಿದ್ದಿದೆ."

ಗಿರೀಶ ಆಗಲೇ ಬೂಟು ಹಾಕಿಕೊಳ್ಳುತ್ತಿದ್ದ. "ನೀನು ಅವರ ಹತ್ರ ಹೋಗು. ನಾನು ಡೆಕ್ಲನ್ ಮನೆಗೆ ಓಡ್ತೀನಿ. ಅವ್ರ ಹತ್ರ ಟ್ರ್ಯಾಕ್ಟರ್ ಇದೆ, ಮರ ಕೊಯ್ಯೋ ಮೆಷಿನ್ನೂ ಇದೆ. ಹಾಲ್‌ನಲ್ಲಿ ಜನರೇಟರ್ ಐತೆ ಅಂದಿದ್ರಲ್ಲ, ಅಲ್ಲಿವರೆಗೆ ದಾರಿ ಆದ್ರೆ ಸಾಕು." ಡೆಕ್ಲನ್ ಓಣಿಯ ಆ ತುದಿಯ ರೈತ. ಹಾಲ್ ಎಂದರೆ ಹಳ್ಳಿಯ ಸಮುದಾಯ ಭವನ.

ನಾನು ಸಾನ್ವಿಯನ್ನು ಕರೆದುಕೊಂಡು ಹೊಲ ದಾಟಿ ಹೋದೆ. ಮಾರ್ಟಿನ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೇಜಿಗೆ ಮೊಣಕೈ ಊರಿ ಕೂತಿದ್ದರು. ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ. ಸಿಲಿಂಡರಿನ ಮುಳ್ಳು ಕೆಂಪು ಗೆರೆಯೊಳಗಿತ್ತು. ಜಾಸ್ತಿ ಬಿಡು ಎಂದು ಅವರು ಕೈಸನ್ನೆ ಮಾಡಿದರು. ಈ ಕಾಯಿಲೆಯಲ್ಲಿ ಜಾಸ್ತಿ ಆಮ್ಲಜನಕವೂ ಅಪಾಯ, ಜೊತೆಗೆ ಇದ್ದದ್ದೂ ಬೇಗ ಮುಗಿಯುತ್ತದೆ. ಬಿಡಲಿಲ್ಲ. ಅವರು ಕಣ್ಣಿನಲ್ಲೇ ಬೈದರು.

ಆಸ್ಪತ್ರೆಯಲ್ಲಿ ಇಂಥವರನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಗುಂಡಿ ಒತ್ತಿದರೆ ಡಾಕ್ಟರು ಬರುತ್ತಾರೆ, ಗೋಡೆಯಲ್ಲೇ ಆಮ್ಲಜನಕ ಇರುತ್ತದೆ. ಇಲ್ಲಿ ಟರ್ಫ್ ಎಂಬ ಒಣಗಿಸಿದ ಜೌಗುಮಣ್ಣಿನ ಹೆಂಟೆ ಉರಿಯುವ ಒಲೆ, ಗೋಡೆಯ ಮೇಲೆ ಯೇಸುವಿನ ಪಟ, ನಾನು. ಕೈಯಲ್ಲಿ ಮಾಡಬಹುದಾದದ್ದು ಒಂದೇ. ಹೆದರಿಕೆಯಿಂದ ಉಸಿರು ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು. ಎದುರು ಕೂತು ಅವರ ಎರಡೂ ಕೈ ಹಿಡಿದೆ. ಮೂಗಿನಿಂದ ಎಳೆಯಿರಿ, ಶಿಳ್ಳೆ ಹಾಕುವವರ ಹಾಗೆ ತುಟಿ ಮಾಡಿ ನಿಧಾನ ಬಿಡಿ ಎಂದೆ. ಜೊತೆಗೆ ನಾನೂ ಉಸಿರಾಡಿದೆ. ದೂರದಲ್ಲಿ ಮರ ಕೊಯ್ಯುವ ಸದ್ದು ಶುರುವಾಯಿತು. ಅದು ನಿಂತಾಗಲೆಲ್ಲ ಬ್ರೀಡಾ ಕಿಟಕಿಗೆ ಹೋಗಿ ಬರುತ್ತಿದ್ದರು.

ಸಿಲಿಂಡರ್ ಮುಗಿಯಿತು. ಮಾರ್ಟಿನ್‌ಗೆ ಗೊತ್ತಾಯಿತು. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಉಂಗುರ ಒತ್ತಿ ನೋಯುತ್ತಿತ್ತು. ಅವರು ಮಾತಾಡುವಂತಿಲ್ಲ, ಹಾಗಾಗಿ ನಾನು ಮಾತು ನಿಲ್ಲಿಸಬಾರದು. ದಾರಿ ಬಿಡಿಸುತ್ತಿದ್ದಾರೆ ಎಂದೆ, ಇನ್ನೇನು ಬಂದರು ಎಂದೆ. ಇಂಗ್ಲಿಷಿನಲ್ಲಿ ಹೇಳುವುದೆಲ್ಲ ಮುಗಿಯಿತು. ಯಾವಾಗ ಕನ್ನಡಕ್ಕೆ ತಿರುಗಿದೆನೋ ನನಗೇ ತಿಳಿಯದು. ಏನು ಹೇಳಬೇಕೆಂದು ತೋಚದೆ ಕುಂದಾಪುರದ ಕೋಳಿಸಾರು ಮಾಡುವುದನ್ನು ಹೇಳತೊಡಗಿದೆ. ಒಣಮೆಣಸನ್ನು ಕೊಬ್ಬರಿ ಎಣ್ಣೆಯಲ್ಲಿ ಹೇಗೆ ಹುರಿಯಬೇಕು, ಕೊತ್ತಂಬರಿ, ಜೀರಿಗೆ, ಮೆಂತೆ ಎಷ್ಟೆಷ್ಟು, ಕಾಯಿಹಾಲು ಯಾವಾಗ ಹಾಕಬೇಕು, ಹಾಕಿದ ಮೇಲೆ ಯಾಕೆ ಜೋರಾಗಿ ಕುದಿಸಬಾರದು. ಒಂದೊಂದು ವಾಕ್ಯವನ್ನೂ ಅವರು ಉಸಿರು ಬಿಡುವಷ್ಟು ಉದ್ದ ಎಳೆದೆ. ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು. ಉಸಿರು ನನ್ನ ಮಾತಿನ ಲಯಕ್ಕೆ ಬಂತು. ಸುಧಾರಿಸಿತು ಎನ್ನಲಾರೆ, ಕೆಡಲಿಲ್ಲ ಅಷ್ಟೆ. ಒಲೆಯ ಹತ್ತಿರ ಕೂತಿದ್ದ ಸಾನ್ವಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು.

ಕೊನೆಗೆ ಅಂಗಳಕ್ಕೆ ಟ್ರ್ಯಾಕ್ಟರ್ ಬಂತು. ಹಿಂದೆಯೇ ನಮ್ಮ ಕಾರಿನಲ್ಲಿ ಗಿರೀಶ, ತಲೆತುಂಬ ಮರದ ಹೊಟ್ಟು. ಡೆಕ್ಲನ್ ಮತ್ತು ಅವನು ಮಾರ್ಟಿನ್‌ರನ್ನು ಕುರ್ಚಿ ಸಮೇತ ಎತ್ತಿ ಕಾರಿನವರೆಗೆ ಒಯ್ದರು. ಯಂತ್ರ ನನ್ನ ತೊಡೆಯ ಮೇಲೆ. ಆ ಓಣಿಯಲ್ಲಿ ಆವತ್ತು ಆಚೀಚೆಯ ಮನೆಗಳ ಗಂಡಸರು, ಹೆಂಗಸರು ಎಲ್ಲರೂ ಕೊಂಬೆ ಎಳೆಯುತ್ತಿದ್ದರು. ಹಾಲ್‌ನಲ್ಲಿ ಜನರೇಟರ್ ಓಡುತ್ತಿತ್ತು. ಪ್ಲಗ್ ಹಾಕಿದ ಕೂಡಲೇ ಗುಂಯ್ ಎಂಬ ಆ ಸದ್ದು ಬಂತು. ನಾನು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ಗಿರೀಶ ಬಂದು, "ಗ್ರ್ಯಾಂಡಾ?" ಎಂದ. ನಾನು ಅತ್ತೆ.

ಕರೆಂಟು ಬರಲು ಒಂದು ವಾರದ ಮೇಲಾಯಿತು. ಅಲ್ಲಿಯವರೆಗೆ ಮಾರ್ಟಿನ್ ಹಾಲ್‌ನಲ್ಲೇ ಇದ್ದರು. ಹಳ್ಳಿಯವರೂ ಬಿಸಿನೀರಿಗೆ, ಫೋನ್ ಚಾರ್ಜಿಗೆ, ಇಸ್ಪೀಟಿಗೆ ಅಲ್ಲೇ. ಮೂರನೆಯ ದಿನ ನಾನು ಹೋದಾಗ ಎಲ್ಲರ ಮುಂದೆ ಕೇಳಿದರು.

"ಆವತ್ತು ನೀನು ಹೇಳ್ತಿದ್ದದ್ದು ಏನು? ಸಾಯೋರಿಗೆ ನಿಮ್ಮಲ್ಲಿ ಹೇಳೋ ಪ್ರಾರ್ಥನೆ ತಾನೆ?"

"ಅಲ್ಲ, ಕೋಳಿಸಾರು ಮಾಡೋ ಕ್ರಮ."

"ನಾನು ಒಂದೊಂದು ಸಾಲಿಗೂ ಮನಸ್ಸಲ್ಲೇ ಆಮೆನ್ ಅಂದಿದ್ದೆ" ಎಂದರು. ಇಡೀ ಹಾಲ್ ನಕ್ಕಿತು. ಮಾರ್ಟಿನ್‌ಗೆ ನಗು ಕೆಮ್ಮಾಗಿ, ನಾನೇ ಹೋಗಿ ಬೆನ್ನು ನೀವಬೇಕಾಯಿತು.

ಆ ವರ್ಷ ಮೇ ತಿಂಗಳಲ್ಲಿ, ಸಾನ್ವಿಯ ಶಾಲೆಯಿಂದ ರಜೆ ಕೇಳಿಕೊಂಡು ಕುಂದಾಪುರಕ್ಕೆ ಹೋದೆವು, ನನ್ನ ತಮ್ಮ ಸುಧಾಕರನಿರುವ ತವರುಮನೆಗೆ. ಹೋದ ಮಾರನೆಯ ಬೆಳಗ್ಗೆ ಒಂದು ಪೊಟ್ಟಣ ಚಾಕೊಲೇಟ್ ಹಿಡಿದು ಪಕ್ಕದ ಮನೆಗೆ ಹೊರಟೆ. ಅಲ್ಲಿನ ಗಿರಿಜಕ್ಕ ಚಿಕ್ಕಂದಿನಲ್ಲಿ ನನಗೆ ಜಡೆ ಹಾಕುತ್ತಿದ್ದವರು. ಬಾವಿಯ ಬದಿಯಿಂದ ಸುತ್ತಿ, ಹಿಂದಿನ ಬಾಗಿಲಿನಿಂದ ನೇರ ಒಳಗೆ ಹೋದೆ. ಒಲೆಯ ಮುಂದಿದ್ದ ಹೆಂಗಸು ಬೆಚ್ಚಿ ತಿರುಗಿದಳು. ಗಿರಿಜಕ್ಕ ಅಲ್ಲ.

"ಯಾರ್ ಬೇಕಿತ್ತ್?"

"ಗಿರಿಜಕ್ಕ ಇಲ್ಯಾ?"

"ಅವ್ರ್ ಮನಿ ಮಾರಿ ಮಗಳ ಹತ್ರ ಹೋಯಿ ಎರ್ಡ್ ವರ್ಷ ಆಯ್ತಲೆ." ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವ್ ಯಾರ್ ಮರ್ರೆ?"

ಸುಧಾಕರನ ಅಕ್ಕ ಎಂದೆ. ಆಕೆಯ ಮುಖ ಸಡಿಲವಾಯಿತು. "ಹ್ವಾಯ್, ಐರ್ಲೆಂಡಿನ್ ಅಕ್ಕನಾ? ಬನ್ನಿ, ಕೂಕಣಿ." ಮಣೆ ಕೊಟ್ಟಳು, ಬೆಲ್ಲ ನೀರು ಕೊಟ್ಟಳು. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದಳು.

"ಮನಿಗ್ ಹ್ವಾಪ್ದ್ ಯಾವಾಗ?"

ಐರ್ಲೆಂಡಿನ ನಮ್ಮ ಹಳ್ಳಿಯ ಅಂಗಡಿಯಾಕೆಯೂ, ನಾವು ಹೊರಡುವ ಮುಂಚೆ, ಮನೆಗೆ ಯಾವಾಗ ಹೋಗ್ತೀರಿ ಎಂದು ಇದನ್ನೇ ಕೇಳಿದ್ದಳು. ಅವಳಿಗೂ ನಾನು ಹೊರಡುವ ತಾರೀಖು ಹೇಳಿದ್ದೆ. ಈಕೆಗೂ ಹೇಳಿದೆ.